ದಿನಕ್ಕೆ 45 ಕಿ.ಮೀ. ಓಡಾಟ: ಎಲ್‌ಎಫ್‌ಪಿಯೋ ಎನ್‌ಎಂಸಿಯೋ? ಮನೆಯಲ್ಲಿ 15 ಆಂಪ್ ಪಾಯಿಂಟ್ ಸಾಕೇ?

ಉಣಕಲ್ ದಂಡೆ:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಹೋಗಿ ಬರಬೇಕು, ಊರೊಳಗಿನ ಸುತ್ತಾಟ ಸೇರಿ 45 ಕಿ.ಮೀ. ತಿಂಗಳಿಗೊಮ್ಮೆ ಬೆಂಗಳೂರು. ಎರಡು ಎಲೆಕ್ಟ್ರಿಕ್ ಕಾರು ನೋಡಿಟ್ಟಿದ್ದೇನೆ. ಒಂದರಲ್ಲಿ 38 ಯೂನಿಟ್‌ನ (ಕಿಲೋವ್ಯಾಟ್-ಅವರ್) ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ, ಡಿಸಿ ಚಾರ್ಜಿಂಗ್ (ದಾರಿಯಲ್ಲಿ ಸಿಗುವ ವೇಗದ ಚಾರ್ಜಿಂಗ್) ಗರಿಷ್ಠ 45 ಕಿಲೋವ್ಯಾಟ್. ಇದನ್ನು ಬ್ಯಾಟರಿ ಬಾಡಿಗೆ ಲೆಕ್ಕದಲ್ಲೂ ಕೊಡುತ್ತಾರಂತೆ. ಇನ್ನೊಂದರಲ್ಲಿ 51.4 ಯೂನಿಟ್‌ನ ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್), ಬೆಲೆ ಸಾಕಷ್ಟು ಜಾಸ್ತಿ.

ಗೊಂದಲ ಇರುವುದು ಇಲ್ಲಿ. ಒಂದು ಶೋರೂಮಿನವರು "100ಕ್ಕೆ ತುಂಬಿಸಿ, ಏನೂ ಆಗಲ್ಲ" ಅನ್ನುತ್ತಾರೆ, ಇನ್ನೊಬ್ಬರು "80 ದಾಟಿಸಲೇಬೇಡಿ" ಅನ್ನುತ್ತಾರೆ. ಯಾವುದು ನಿಜ? ಏಪ್ರಿಲ್, ಮೇ ಬಿಸಿಲಿಗೆ ಬ್ಯಾಟರಿ ಬೇಗ ಹಾಳಾಗುತ್ತದೆಯೇ?

ಮನೆಯಲ್ಲಿ ಸಿಂಗಲ್ ಫೇಸ್, 3 ಕಿಲೋವ್ಯಾಟ್ ಲೋಡ್. ಮೀಟರ್ ಬೋರ್ಡಿನಿಂದ ಪೋರ್ಚಿಗೆ 25 ಮೀಟರ್. ಗೃಹಜ್ಯೋತಿ ಇದೆ. 7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಲೇಬೇಕೇ? ಎಲೆಕ್ಟ್ರಿಷಿಯನ್ ಬಂದು ನೋಡಿ, "ಅರ್ಥಿಂಗ್ ವೀಕ್ ಇದೆ, ಚಾರ್ಜರ್ ಕೆಂಪು ದೀಪ ತೋರಿಸಿದರೆ ಸಾಕೆಟ್ಟಿನಲ್ಲೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ತಂತಿ ಕೊಟ್ಟುಬಿಡೋಣ" ಅಂದರು. ಮಾಡಿಸಬಹುದೇ?

ಸೆಲ್ ಸಂಗತಿ:

ಇಬ್ಬರು ಹೇಳಿದ್ದೂ ಸರಿಯೇ, ಆದರೆ ಬೇರೆ ಬೇರೆ ಬ್ಯಾಟರಿಗೆ.

ಎನ್‌ಎಂಸಿ ಸೆಲ್ 30 ಪರ್ಸೆಂಟ್ ಇದ್ದಾಗ ಸುಮಾರು 3.6 ವೋಲ್ಟ್, 90ರಲ್ಲಿ 4 ವೋಲ್ಟ್ ದಾಟಿರುತ್ತದೆ. ವೋಲ್ಟೇಜ್ ನೋಡಿದರೆ ಸಾಕು, ಎಷ್ಟು ತುಂಬಿದೆ ಎಂದು ಬಿಎಂಎಸ್‌ಗೆ (ಬ್ಯಾಟರಿ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆಗೆ) ಗೊತ್ತಾಗುತ್ತದೆ. ಎಲ್‌ಎಫ್‌ಪಿ ಹಾಗಲ್ಲ. 30ರಿಂದ 90ರವರೆಗೂ 3.3 ವೋಲ್ಟಿನ ಆಸುಪಾಸಿನಲ್ಲೇ ಕೂತಿರುತ್ತದೆ. ಹಾಗಾಗಿ ಬಿಎಂಎಸ್ ಒಳಗೆ ಹೋದ ಕರೆಂಟ್, ಹೊರಗೆ ಬಂದ ಕರೆಂಟ್ ಕೂಡಿ ಕಳೆದು ಅಂದಾಜು ಮಾಡಬೇಕು. ಆ ಲೆಕ್ಕದಲ್ಲಿ ದಿನಾ ಚೂರು ಚೂರು ತಪ್ಪು ಸೇರುತ್ತದೆ. ಪೂರ್ತಿ ತುಂಬುವ ಹೊತ್ತಿಗೆ ಮಾತ್ರ ಎಲ್‌ಎಫ್‌ಪಿ ವೋಲ್ಟೇಜ್ ಗಕ್ಕನೆ 3.5ರ ಮೇಲೆ ಏರುತ್ತದೆ, ಆಗ ಬಿಎಂಎಸ್ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ತಿಂಗಳುಗಟ್ಟಲೆ 50–80ರ ನಡುವೆಯೇ ಓಡಿಸಿದವರಿಗೆ ಒಂದು ದಿನ ಮೀಟರ್ 18 ತೋರಿಸುತ್ತಿದ್ದುದು ಇದ್ದಕ್ಕಿದ್ದಂತೆ 6ಕ್ಕೆ ಇಳಿಯುವುದು ಇದೇ ಕಾರಣಕ್ಕೆ. ಬ್ಯಾಟರಿ ಕೆಟ್ಟಿರುವುದಿಲ್ಲ, ಲೆಕ್ಕ ಕೆಟ್ಟಿರುತ್ತದೆ.

ಪೂರ್ತಿ ತುಂಬಿಸುವುದರ ಇನ್ನೊಂದು ಕೆಲಸ ಬ್ಯಾಲೆನ್ಸಿಂಗ್, ಅಂದರೆ ಎಲ್ಲ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರುವುದು. ಉದಾಹರಣೆಗೆ 120 ಆಂಪಿಯರ್-ಅವರ್ ಸೆಲ್‌ಗಳ ಪ್ಯಾಕಿನಲ್ಲಿ ಒಂದು ಸೆಲ್ ಉಳಿದವಕ್ಕಿಂತ 1 ಪರ್ಸೆಂಟ್ ಮುಂದಿದೆ ಅಂದರೆ 1.2 ಆಂಪಿಯರ್-ಅವರ್ ಹೆಚ್ಚು ತುಂಬಿದೆ. ಬಿಎಂಎಸ್ ಅದನ್ನು ಸಣ್ಣ ರೆಸಿಸ್ಟರ್ ಮೂಲಕ 100 ಮಿಲಿಆಂಪಿನ ಆಸುಪಾಸಿನಲ್ಲಿ ಸುಡುತ್ತದೆ. ಅಲ್ಲಿಗೆ 12 ಗಂಟೆ ಆಯಿತು. ಡಿಸಿ ಚಾರ್ಜರಿನಲ್ಲಿ 100 ಮುಟ್ಟಿಸಿ ಗನ್ (ಚಾರ್ಜರಿನ ಪ್ಲಗ್) ಕಿತ್ತುಕೊಂಡು ಹೊರಟರೆ ಈ ಕೆಲಸ ಆಗುವುದೇ ಇಲ್ಲ. ಮನೆಯ ಎಸಿ ಚಾರ್ಜರಿನಲ್ಲಿ ನಿಧಾನಕ್ಕೆ 100 ಮುಟ್ಟಿಸಿ, ಆಮೇಲೂ ಪ್ರತಿ ಸಲ ಒಂದೆರಡು ಗಂಟೆ ಪ್ಲಗ್ಗಿನಲ್ಲೇ ಬಿಡಬೇಕು, ಆ 12 ಗಂಟೆ ಕಂತುಕಂತಾಗಿ ಕೂಡುತ್ತದೆ.

ರೂಢಿ ಹೀಗಿರಲಿ. ಎಲ್‌ಎಫ್‌ಪಿ ಆದರೆ ವಾರಕ್ಕೊಮ್ಮೆ 100, ಉಳಿದ ದಿನ 80ರವರೆಗೆ ಬೇಕಾದಷ್ಟು. ಎನ್‌ಎಂಸಿ ಆದರೆ ದಿನದ ಮಿತಿ 80, ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ 100. ಅದೂ ಬೆಳಗಿನ ಜಾವಕ್ಕೆ ತುಂಬುವಂತೆ ಟೈಮರ್ ಇಡಿ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಕೈಪಿಡಿಯದೇ ಅಂತಿಮ.

ಬಿಸಿಲಿನ ಮಾತು. ಬ್ಯಾಟರಿ ಮುದಿಯಾಗುವುದು ಓಡಿದ್ದರಿಂದಷ್ಟೇ ಅಲ್ಲ, ಸುಮ್ಮನೆ ನಿಂತಿದ್ದರಿಂದಲೂ. ಒಳಗಿನ ಅಡ್ಡಪ್ರತಿಕ್ರಿಯೆಗಳು 10 ಡಿಗ್ರಿ ಹೆಚ್ಚಾದಂತೆ ಹೆಚ್ಚುಕಡಿಮೆ ಎರಡು ಪಟ್ಟು ವೇಗ ಪಡೆಯುತ್ತವೆ. ಚಾರ್ಜ್ ಮಟ್ಟ ಮೇಲಿದ್ದಷ್ಟೂ ಅವು ಇನ್ನೂ ಚುರುಕು. ಆದ್ದರಿಂದ ಕಾಟ ಕೊಡುವುದು 100ಕ್ಕೆ ತುಂಬಿಸುವುದಲ್ಲ, 100ಕ್ಕೆ ತುಂಬಿಸಿ ಮೇ ತಿಂಗಳ ಬಿಸಿಲಲ್ಲಿ ಮೂರು ದಿನ ನಿಲ್ಲಿಸುವುದು. ಎಲ್‌ಎಫ್‌ಪಿ ಇದನ್ನು ಎನ್‌ಎಂಸಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೂ ಅದಕ್ಕೂ ಇಷ್ಟವಿಲ್ಲ. ಹೆದ್ದಾರಿಯಲ್ಲಿ ಬಿಸಿಯಾಗಿ ಬಂದ ಗಾಡಿಗೆ ಕೂಡಲೇ ಪ್ಲಗ್ ಸಿಕ್ಕಿಸದೆ, ರಾತ್ರಿ ಹನ್ನೊಂದಕ್ಕೆ ಶುರುವಾಗುವಂತೆ ಇಟ್ಟರೆ ಬ್ಯಾಟರಿಗೂ ತಂಪು, ಮನೆಯ ವೈರಿಂಗಿಗೂ ತಂಪು. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ 50ರಲ್ಲಿ ನಿಲ್ಲಿಸಿ ಹೋಗಿ. 10ಕ್ಕಿಂತ ಕೆಳಗೆ ಬಿಟ್ಟು ಹೋಗಬೇಡಿ.

ಯಾವುದು ಯಾರಲ್ಲಿದೆ ಎಂಬುದಕ್ಕೆ: ಟಾಟಾದ ನೆಕ್ಸಾನ್, ಪಂಚ್, ಟಿಯಾಗೊ ಎಲ್ಲ ಎಲ್‌ಎಫ್‌ಪಿ. ಬಿವೈಡಿಯ ಬ್ಲೇಡ್ ಕೂಡ ಎಲ್‌ಎಫ್‌ಪಿಯೇ, ಹೆಸರು ಮಾತ್ರ ಬೇರೆ. ಮಹೀಂದ್ರದ ಬಿಇ 6ರಲ್ಲಿ ಎಲ್‌ಎಫ್‌ಪಿ, ಅದೇ ಕಂಪನಿಯ ಎಕ್ಸ್‌ಯುವಿ400ರಲ್ಲಿ ಎನ್‌ಎಂಸಿ. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನದು ಎನ್‌ಎಂಸಿ. ಕಂಪನಿ ನೋಡಿ ಊಹಿಸಬೇಡಿ, ಮಾಡೆಲ್ ನೋಡಿ ಕೇಳಿ.

ತಂತಿ ಪೆಟ್ಟಿಗಿ:

ಮೊದಲ ಆ ತುಂಡು ತಂತಿ ವಿಚಾರ. ಮಾಡಸಬ್ಯಾಡ್ರಿ. ಯಾಕಂದ್ರ, ಚಾರ್ಜರ್ ಒಳಗ ಅರ್ಥ್ ಐತೋ ಇಲ್ಲೋ ಅಂತ ನೋಡೋ ಸರ್ಕಿಟ್ ಇರ್ತೈತಿ. ನ್ಯೂಟ್ರಲ್ ಕೊಟ್ರ ಅದು ಮೋಸ ಹೋಗಿ ಹಸಿರು ದೀಪ ಹಚ್ಚತೈತಿ. ನಾಳೆ ಕಂಬದ ಕಡೆ ನ್ಯೂಟ್ರಲ್ ಲೂಸ್ ಆತಂದ್ರ, ಮನಿಯೊಳಗಿನ ಲೋಡ್ ಹಾದು ಬಂದ 230 ವೋಲ್ಟ್ ಆ ತುಂಡಿನಿಂದ ನೇರ ಗಾಡಿ ಬಾಡಿಗೆ ಬರ್ತೈತಿ. ಟಾಯರ್ ರಬ್ಬರ್, ಗಾಡಿ ನೆಲಕ್ಕ ಹತ್ತಿರಂಗಿಲ್ಲ. ಮಳ್ಯಾಗ ಬರಿಗಾಲಲ್ಲಿ ನಿಂತು ಬಾಗಿಲಾ ಮುಟ್ಟಿದವರಿಗೆ ಏನಾಗ್ತೈತಿ ಅಂತ ನೀವ ವಿಚಾರ ಮಾಡ್ರಿ. ಹಂಗಂದ ಎಲೆಕ್ಟ್ರಿಷಿಯನ್‌ನ ಬದಲಾಯಿಸ್ರಿ.

ಸರಿ ದಾರಿ ಅಂದ್ರ ಬ್ಯಾರೆ ಅರ್ಥ್ ಪಿಟ್. 3 ಮೀಟರ್ ಕಾಪರ್ ಬಾಂಡೆಡ್ ರಾಡ್, ಸುತ್ತ ಬೆಂಟೊನೈಟ್ ಪುಡಿ, ಮ್ಯಾಲ ಚೇಂಬರ್. ಅರ್ಥ್ ಟೆಸ್ಟರ್ ಹಚ್ಚಿ ನೋಡಿದ್ರ 5 ಓಮ್‌ಗಿಂತ ಕಡಿಮಿ ಬರ್ಬೇಕು. ಆಮ್ಯಾಲ ಚಾರ್ಜ್ ನಡದಿದ್ದಾಗ ಮಲ್ಟಿಮೀಟರಿನಿಂದ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವ ಅಳೀರಿ. 2–3 ವೋಲ್ಟ್ ಇದ್ರ ಚಲೋ. ಇನ್ನೂ ಒಂದು: ನಮ್ಮ ಕಡಿ ಎರಿ ಮಣ್ಣು ಹಸಿ ಇದ್ದಾಗ ಅರ್ಥಿಂಗಿಗೆ ಭಾಳ ಚಲೋ, ಆದ್ರ ಬ್ಯಾಸಗ್ಯಾಗ ಬಿರುಕು ಬಿಟ್ಟು ರಾಡ್ ಬಿಟ್ಟು ಸರೀತೈತಿ. ಮಳಿಗಾಲದಾಗ ಸರಿ ಇದ್ದ ಚಾರ್ಜರ್ ಏಪ್ರಿಲ್‌ದಾಗ ಅರ್ಥ್ ಫಾಲ್ಟ್ ಅಂತ ಹಟ ಹಿಡಿಯೋದು ಅದಕ್ಕ. ವಾರಕ್ಕೆರಡು ಸಲ ಪಿಟ್‌ಗೆ ಒಂದು ಬಕೀಟ ನೀರು ಹಾಕ್ರಿ.

ಈಗ ಲೆಕ್ಕ. 45 ಕಿ.ಮೀ. ಅಂದ್ರ, ಯೂನಿಟ್‌ಗೆ 7 ಕಿ.ಮೀ. ಹಿಡಿದ್ರ 6.5 ಯೂನಿಟ್. ಚಾರ್ಜಿಂಗ್ ನಷ್ಟ 12 ಪರ್ಸೆಂಟ್ ಸೇರಿಸಿದ್ರ ಗ್ವಾಡಿಯಿಂದ 7.3 ಯೂನಿಟ್ ಎಳೀತೈತಿ. 15 ಆಂಪ್ ಪಾಯಿಂಟ್‌ದಾಗ ಎರಡೂಕಾಲ ತಾಸು. ಪೋರ್ಟೆಬಲ್ ಚಾರ್ಜರಿನ್ಯಾಗ ಅಥವಾ ಗಾಡಿ ಸ್ಕ್ರೀನಿನ್ಯಾಗ 10 ಆಂಪ್‌ಗೆ ಇಳಿಸೋ ಸೌಲಭ್ಯ ಇದ್ರ ಮೂರೂಕಾಲ ತಾಸು. ರಾತ್ರಿ ಪೂರ್ತಿ ನಿಂತ ಇರೋ ಗಾಡಿಗೆ 7.2 ಕಿಲೋವ್ಯಾಟ್ ಯಾಕ ಬೇಕು? 3 ಕಿಲೋವ್ಯಾಟ್ ಲೋಡ್‌ನ್ಯಾಗ ಗೀಜರ್, ಗಾಡಿ ಎರಡೂ ಕೂಡಿ ನಡಿಯಂಗಿಲ್ಲ ಅನ್ನೋದು ಖರೆ, ಅದಕ್ಕ ಹೆಸ್ಕಾಂಗೆ ಅರ್ಜಿ ಹಾಕಿ 5ಕ್ಕ ಏರಿಸ್ಕೋರಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಾಗ ಸ್ವಲ್ಪ ಏರತೈತಿ.

ವೈರ್: ಬೋರ್ಡಿನಿಂದ ನೇರ, ನಡುವ ಎಲ್ಲೂ ಜೋಡ ಇಲ್ಲದ 4 ಚದರ ಎಂ.ಎಂ. ತಾಮ್ರ. 25 ಮೀಟರಿಗೆ 15 ಆಂಪ್‌ನ್ಯಾಗ ಮೂರೂವರಿ ವೋಲ್ಟ್ ಅಷ್ಟ ಬೀಳತೈತಿ. ಮುಂದ 7.2 ಹಾಕಸೋ ವಿಚಾರ ಇದ್ರ ಈಗಲೇ 6 ಚದರ ಎಂ.ಎಂ. ಎಳಸ್ರಿ, 32 ಆಂಪ್‌ಗೆ ಸುಮಾರು 5 ವೋಲ್ಟ್ ಬೀಳತೈತಿ, ನಡೀತೈತಿ. 15 ಆಂಪ್ ಪಾಯಿಂಟಿಗೆ 20 ಆಂಪ್ ಎಂಸಿಬಿ, 7.2ಕ್ಕ 40 ಆಂಪ್. ಜೊತಿಗೆ ಈ ಲೈನಿಗೆ ಅಷ್ಟ ಬ್ಯಾರೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೋ ಸ್ವಿಚ್), ಎ ಟೈಪಿಂದು. ಅಂಗಡ್ಯಾಗ ಸುಮ್ನ ಕೇಳಿದ್ರ ಎಸಿ ಟೈಪ್ ಕೊಡ್ತಾರ, ಡಬ್ಬಿ ಮ್ಯಾಲಿನ ಗುರುತು ನೋಡಿ ತಗೋರಿ.

ಹೆಚ್ಚಿನ ಕಡಿ ಸುಡೋದು ಬ್ಯಾಟರಿ ಅಲ್ರಿ, ಸಾಕೆಟ್. ಮಿಕ್ಸರ್‌ಗೆ ಐದು ಮಿನಿಟ್ 15 ಆಂಪ್ ಸಾಕೆಟ್ ಬಳಸೋದು ಬ್ಯಾರೆ, ನಾಲ್ಕು ತಾಸು ಒಂದೇ ಸಮ ಎಳಿಯೋದು ಬ್ಯಾರೆ. ಹಿಂದಿನ ಸ್ಕ್ರೂ ಅರ್ಧ ಸುತ್ತು ಸಡ್ಲ ಇದ್ರ ಸಾಕು, ಅಲ್ಲಿ ಬಿಸಿ, ಬಿಸಿಗೆ ಇನ್ನೂ ಸಡ್ಲ, ಕಡಿಗೆ ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕ ತಿರುಗತೈತಿ. ಚಾರ್ಜ್ ಶುರು ಆಗಿ ಅರ್ಧ ತಾಸಿಗೆ ಪ್ಲಗ್ ಮ್ಯಾಲ ಕೈಯ ಹಿಂಬದಿ ಇಟ್ಟು ನೋಡ್ರಿ. ಬೆಚ್ಚಗಿದ್ರ ಸರಿ, ಕೈ ಇಡಾಕ ಆಗದಿದ್ರ ಎಂಸಿಬಿ ಇಳಿಸಿ ಸಾಕೆಟ್ ಬದಲಾಯಿಸ್ರಿ. ಎಕ್ಸ್‌ಟೆನ್ಶನ್ ಬಾಕ್ಸ್ ಹೆಸರೇ ಎತ್ತಬ್ಯಾಡ್ರಿ.

ಗೃಹಜ್ಯೋತಿ: 7.3 ಯೂನಿಟ್ × 25 ದಿನ ಅಂದ್ರ 183 ಯೂನಿಟ್ ಬರೇ ಗಾಡಿಗೆ. ಮನಿದು ಕೂಡಿದ್ರ 200 ದಾಟೇ ದಾಟತೈತಿ, ಆಗ ಪೂರ್ತಿ ಬಿಲ್ ನಿಮ್ಮ ಮ್ಯಾಲ. ಗಾಡಿ ಖರ್ಚಿನ ಲೆಕ್ಕದಾಗ ಇದನ್ನ ಮರೀತಾರ ಜನ. ಇ.ವಿ. ಚಾರ್ಜಿಂಗಿಗೆ ಎಲ್‌ಟಿ-6(ಸಿ) ಅಂತ ಬ್ಯಾರೆ ದರವರ್ಗ ಐತಿ. ಆ ಲೆಕ್ಕದಾಗ ಮನಿಗೆ ಎರಡನೇ ಮೀಟರ್ ಕೊಡ್ತಾರೇನು ಅಂತ ಉಪವಿಭಾಗದ ಆಫೀಸಿನ್ಯಾಗ ಕೇಳ್ರಿ.

ಘಟ್ಟದ ಕೆಳಗೆ:

ವೈರಿಂಗ್ ಬಗ್ಗೆ ಇನ್ನು ಹೇಳಲು ಏನೂ ಉಳಿದಿಲ್ಲ. ಗಾಡಿ ಆಯ್ಕೆಗೆ ಬರೋಣ. ದಿನದ 45 ಕಿ.ಮೀ.ಗೆ ಎರಡೂ ಹೆಚ್ಚೇ, ಆದ್ದರಿಂದ ನಿರ್ಧಾರ ಮಾಡಬೇಕಾದದ್ದು ಬೆಂಗಳೂರಿನ ದಾರಿ.

ಹುಬ್ಬಳ್ಳಿಯಿಂದ ದಾವಣಗೆರೆ ಸುಮಾರು 145 ಕಿ.ಮೀ., ಚಿತ್ರದುರ್ಗ 205, ಶಿರಾ 285, ಬೆಂಗಳೂರು 405. ಹೆದ್ದಾರಿಯಲ್ಲಿ 90–100ರ ವೇಗಕ್ಕೆ ಯೂನಿಟ್‌ಗೆ 6 ಕಿ.ಮೀ. ಹಿಡಿಯಿರಿ. 38 ಯೂನಿಟ್‌ನ ಗಾಡಿ ದಾವಣಗೆರೆ ಮುಟ್ಟುವಾಗ 24 ಯೂನಿಟ್ ಖರ್ಚಾಗಿ 37 ಪರ್ಸೆಂಟ್ ಉಳಿದಿರುತ್ತದೆ. ಅಲ್ಲಿ 80ಕ್ಕೆ ಏರಿಸಿದರೆ ಶಿರಾಕ್ಕೆ 19ರಲ್ಲಿ ಮುಟ್ಟುತ್ತೀರಿ. ಅಲ್ಲಿ 63ರವರೆಗೆ ತುಂಬಿಸಿದರೆ ಬೆಂಗಳೂರಿಗೆ 10 ಉಳಿಸಿಕೊಂಡು ಹೋಗಬಹುದು. ಎರಡು ನಿಲುಗಡೆ, ತಲಾ ಅರ್ಧ ಗಂಟೆ. 51.4 ಯೂನಿಟ್‌ನದಾದರೆ ಚಿತ್ರದುರ್ಗದಲ್ಲಿ ಒಂದೇ ನಿಲುಗಡೆ, ಅದೂ ಅರ್ಧ ಗಂಟೆಗೆ ಸ್ವಲ್ಪ ಮೇಲೆ. ವರ್ಷಕ್ಕೆ ಹೋಗಿಬರುವುದು 12 ಸಲ, ಅಂದರೆ 24 ಓಟ. ಒಟ್ಟು ವ್ಯತ್ಯಾಸ ವರ್ಷಕ್ಕೆ 12 ಗಂಟೆ. ಆ 12 ಗಂಟೆಗಾಗಿ ಅಷ್ಟು ಲಕ್ಷ ಹೆಚ್ಚು ಕೊಡಬೇಕೇ ಎಂಬುದೇ ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಬೇಡ. ಆದರೆ ಹಿಂದೆ ಪುಟ್ಟ ಮಕ್ಕಳೋ ವಯಸ್ಸಾದವರೋ ಕೂರುವವರಿದ್ದರೆ ಲೆಕ್ಕ ಬೇರೆ.

80ರ ಮೇಲೆ ದಾರಿಯಲ್ಲಿ ತುಂಬಿಸಲು ಹೋಗಬೇಡಿ. ಅಲ್ಲಿಂದ ಮುಂದೆ ಬಿಎಂಎಸ್ ಕರೆಂಟ್ ಇಳಿಸುತ್ತಾ ಹೋಗುತ್ತದೆ, ಕೊನೆಯ 20 ಪರ್ಸೆಂಟಿಗೆ ಮೊದಲ 50ಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯಬಹುದು. ಬೋರ್ಡಿನಲ್ಲಿ 60 ಕಿಲೋವ್ಯಾಟ್ ಎಂದಿದ್ದರೂ ಎರಡು ಗನ್ನಿನ ಚಾರ್ಜರ್ ಆದರೆ ಪಕ್ಕದ ಗಾಡಿ ಸಿಕ್ಕಿಸಿದ ಕೂಡಲೇ ನಿಮ್ಮ ಪಾಲು 30 ಆಗುತ್ತದೆ. ಪ್ರತಿ ನಿಲುಗಡೆಗೂ 20 ಕಿ.ಮೀ. ಒಳಗೆ ಇನ್ನೊಂದು ಚಾರ್ಜರ್ ಗುರುತು ಹಾಕಿಟ್ಟುಕೊಳ್ಳಿ. ಡಿಸಿ ಚಾರ್ಜಿಂಗ್ ತಿಂಗಳಿಗೆ ನಾಲ್ಕು ಸಲ ಮಾಡಿದರೆ ಬ್ಯಾಟರಿಗೆ ಏನೂ ಆಗದು. ದಿನಾ ಅದೇ ಆದರೆ ಮಾತು ಬೇರೆ.

ಕರಾವಳಿಗೆ ಬರುವುದಿದ್ದರೆ ಒಂದು ಮಾತು. ಘಟ್ಟದ ತಲೆಯಲ್ಲಿ 100 ತುಂಬಿಸಿ ಇಳಿಯಬೇಡಿ. ತುಂಬಿದ ಬ್ಯಾಟರಿಗೆ ರೀಜೆನ್ (ಇಳಿಯುವಾಗ ಮೋಟರೇ ಗಾಡಿ ತಡೆದು ಹುಟ್ಟಿಸುವ) ಕರೆಂಟ್ ತೆಗೆದುಕೊಳ್ಳಲು ಜಾಗವಿರುವುದಿಲ್ಲ, ರೀಜೆನ್ ಕಡಿಮೆಯಾಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. 80ರಲ್ಲಿ ಇಳಿಯಿರಿ. ಹತ್ತುವಾಗ ಎಷ್ಟು ಬೇಕು ಎಂದರೆ, ಜನ ಸೇರಿ 1,700 ಕಿಲೋ ತೂಗುವ ಗಾಡಿಯನ್ನು 900 ಮೀಟರ್ ಎತ್ತಲು 4.2 ಯೂನಿಟ್, ಮೋಟರಿನ ನಷ್ಟ ಸೇರಿ ಸುಮಾರು 4.7. ಸಪಾಟು ದಾರಿಯ ಲೆಕ್ಕಕ್ಕೆ ಇದನ್ನು ಕೂಡಿಸಿದರೆ ಸಾಕು, ಹೆದರುವಂಥದ್ದೇನಿಲ್ಲ.

ಬ್ಯಾಟರಿ ಬಾಡಿಗೆ: ಕಿ.ಮೀ.ಗೆ 3.50 ರೂ. ಎಂದು ಇಟ್ಟುಕೊಂಡರೆ ಬೆಂಗಳೂರು ಸೇರಿ ನಿಮ್ಮ ತಿಂಗಳ ಸುಮಾರು 1,950 ಕಿ.ಮೀ.ಗೆ 6,825 ರೂ. ಸಾಮಾನ್ಯವಾಗಿ ವಾರಂಟಿ ಮುಗಿಯುವ 1,60,000 ಕಿ.ಮೀ.ಗೆ ಅದು 5,60,000 ರೂ. ಬ್ಯಾಟರಿ ಸಮೇತದ ಬೆಲೆಗೂ ಬಾಡಿಗೆ ಬೆಲೆಗೂ ಇರುವ ಅಂತರವನ್ನು ಇದರ ಪಕ್ಕ ಇಟ್ಟು ನೋಡಿ. ಕಡಿಮೆ ಓಡಿದರೂ ಕಟ್ಟಲೇಬೇಕಾದ ತಿಂಗಳ ಕನಿಷ್ಠ ಕಿ.ಮೀ. ಎಷ್ಟು ಎಂಬುದನ್ನು ಕರಾರಿನಲ್ಲಿ ಹುಡುಕಿ. ನಿಮ್ಮಷ್ಟು ಓಡಿಸುವವರಿಗೆ ಕೊಂಡುಕೊಳ್ಳುವುದೇ ಮೇಲು.

ಮಲ್ನಾಡ್ ಮೀಟರ್:

ಇದೇ ಚರ್ಚೆಯಲ್ಲಿ ಒಂದು ಕೇಳಬಹುದಾ? 2021ರ ಸೆಕೆಂಡ್ ಹ್ಯಾಂಡ್ ಗಾಡಿ, 30.2 ಯೂನಿಟ್ ಎಲ್‌ಎಫ್‌ಪಿ, 55,000 ಕಿ.ಮೀ. ಓಡಿದೆ. ಮಾರುವವರು ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕಿ, "ಎಸ್‌ಒಎಚ್ (ಬ್ಯಾಟರಿ ಆರೋಗ್ಯ) 97, ಸೆಲ್‌ಗಳ ನಡುವೆ ಬರೀ 4 ಮಿಲಿವೋಲ್ಟ್ ವ್ಯತ್ಯಾಸ" ಎಂದು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ನಂಬಬಹುದೇ?

ಸೆಲ್ ಸಂಗತಿ:

ಸ್ಕ್ರೀನ್‌ಶಾಟಿನಲ್ಲಿ ಚಾರ್ಜ್ ಎಷ್ಟಿತ್ತು ನೋಡಿ. 50–60ರಲ್ಲಿ ತೆಗೆದದ್ದಾದರೆ ಆ 4 ಮಿಲಿವೋಲ್ಟಿಗೆ ಬೆಲೆಯಿಲ್ಲ. ಮೇಲೆ ಹೇಳಿದ್ದೇ ಕಾರಣ: ಎಲ್‌ಎಫ್‌ಪಿ ಮಧ್ಯದಲ್ಲಿ ಚಪ್ಪಟೆ, ಕೆಟ್ಟ ಸೆಲ್ಲೂ ಒಳ್ಳೆಯ ಸೆಲ್ಲೂ ಅಲ್ಲಿ ಒಂದೇ ವೋಲ್ಟೇಜ್ ತೋರಿಸುತ್ತವೆ. 15ಕ್ಕೆ ಇಳಿಸಿ, ಹತ್ತು ನಿಮಿಷ ನಿಲ್ಲಿಸಿ, ಆಗ ಗರಿಷ್ಠ ಮತ್ತು ಕನಿಷ್ಠ ಸೆಲ್ ವೋಲ್ಟೇಜ್ ನೋಡಿ. ಅಲ್ಲಿ 100 ಮಿಲಿವೋಲ್ಟ್ ದಾಟಿದರೆ ಯಾವುದೋ ಸೆಲ್ ಹಿಂದೆ ಬಿದ್ದಿದೆ. ತುಂಬುವ ಕೊನೆಯಲ್ಲಿ, 99–100ರ ಹೊತ್ತಿಗೆ, ಅಷ್ಟು ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ, ಅದು ಬ್ಯಾಲೆನ್ಸಿಂಗ್ ಬಾಕಿಯಿದೆ ಎಂಬುದರ ಲಕ್ಷಣ.

ಎಸ್‌ಒಎಚ್ ಅಂಕಿ ಬಿಎಂಎಸ್‌ನ ಅಂದಾಜು, ಅಳತೆಯಲ್ಲ. ಅಳತೆ ನೀವೇ ಮಾಡಿ. ರಾತ್ರಿ ಎಸಿಯಲ್ಲಿ 100 ತುಂಬಿಸಲು ಹೇಳಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಒಂದೇ ಓಟದಲ್ಲಿ 20ಕ್ಕೆ ಇಳಿಸಿ. ಓಡಿದ್ದು 150 ಕಿ.ಮೀ., ಸರಾಸರಿ ಯೂನಿಟ್‌ಗೆ 7 ಕಿ.ಮೀ. ತೋರಿಸಿತು ಎನ್ನಿ. ಖರ್ಚು 21.4 ಯೂನಿಟ್, ಅದು 80 ಪರ್ಸೆಂಟ್, ಪೂರ್ತಿಗೆ 26.8. ಅದನ್ನು 30.2ರಿಂದ ಭಾಗಿಸಿದರೆ 89. ಕಂಪನಿ ಹೇಳುವ ಪೂರ್ತಿ ಯೂನಿಟ್‌ಗಳು ಹೊಸ ಗಾಡಿಯಲ್ಲೂ ಬಳಕೆಗೆ ಸಿಗುವುದಿಲ್ಲ, ಆದ್ದರಿಂದ ನಿಜವಾದ ಆರೋಗ್ಯ ಇದಕ್ಕಿಂತ ಚೂರು ಮೇಲೇ ಇರುತ್ತದೆ. ಈ ವಯಸ್ಸಿಗೆ ಇದು ಒಳ್ಳೆಯ ಗಾಡಿ. 80ಕ್ಕಿಂತ ಕೆಳಗೆ ಬಂದರೆ ಬೆಲೆ ಇಳಿಸಲು ಕೇಳಿ, ಇಲ್ಲವೇ ಬಿಡಿ.

ಆಮೇಲೆ ಲಿಫ್ಟ್ ಮೇಲೆ ಎತ್ತಿಸಿ ಅಡಿಭಾಗ ನೋಡಲೇಬೇಕು. ಬ್ಯಾಟರಿ ಪೆಟ್ಟಿಗೆಯ ಮೇಲೆ ಗೀರು ಇದ್ದರೆ ಪರವಾಗಿಲ್ಲ, ಒಳಗೆ ತಗ್ಗಾಗಿದ್ದರೆ ಬೇಡ. ಕಿತ್ತಳೆ ಬಣ್ಣದ ಕೇಬಲ್ ಸೇರುವ ಕನೆಕ್ಟರ್ ಸುತ್ತ ಒಣಗಿದ ಕೆಸರು, ಹಸಿರು ಕಿಲುಬು ಕಂಡರೆ ಗಾಡಿ ನೀರಲ್ಲಿ ನಿಂತಿತ್ತು ಎಂದರ್ಥ. ಐಪಿ67 (ನೀರು ತಡೆಯುವ ದರ್ಜೆ) ಎಂದರೆ 1 ಮೀಟರ್ ನೀರಲ್ಲಿ 30 ನಿಮಿಷ, ಅದೂ ಪರೀಕ್ಷೆಯ ಹೊಸ ಪೆಟ್ಟಿಗೆಗೆ. ಐದು ವರ್ಷ ಬಿಸಿಲು ಕಂಡ ಗ್ಯಾಸ್ಕೆಟ್‌ಗೆ ಅಲ್ಲ. ವಾರಂಟಿ ಎರಡನೇ ಮಾಲೀಕರಿಗೆ ವರ್ಗವಾಗುತ್ತದೆಯೇ ಎಂಬುದನ್ನು ಕಂಪನಿಯಿಂದ ಲಿಖಿತವಾಗಿ ಪಡೆಯಿರಿ.

ಘಟ್ಟದ ಕೆಳಗೆ:

ಹಳೆಯ ಗಾಡಿಯಲ್ಲಿ 12 ವೋಲ್ಟ್ ಬ್ಯಾಟರಿಯನ್ನೂ ನೋಡಿ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಸ್ವಿಚ್ (ಕಾಂಟ್ಯಾಕ್ಟರ್) ಮುಚ್ಚಲು ಬೇಕಾದ ಕರೆಂಟ್ ಇದರಿಂದಲೇ ಬರಬೇಕು. ಇದು ಸತ್ತರೆ ದೊಡ್ಡದು 90 ಇದ್ದರೂ ಗಾಡಿ ಕಲ್ಲಾಗಿ ನಿಲ್ಲುತ್ತದೆ, ಎಷ್ಟೋ ಸಲ ಚಾರ್ಜಿಂಗ್ ಕೂಡ ಶುರುವಾಗುವುದಿಲ್ಲ. ನಿಲ್ಲಿಸಿದಾಗಲೂ ಓಡುವ ಡ್ಯಾಶ್‌ಕ್ಯಾಮ್ ಇದರ ದೊಡ್ಡ ಶತ್ರು. ನಾಲ್ಕು ವರ್ಷ ದಾಟಿದ್ದರೆ ಬದಲಾಯಿಸಿಬಿಡಿ. ಗಾಡಿ ಕೆಟ್ಟರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟರ್ ಕರೆಂಟ್ ಹುಟ್ಟಿಸುತ್ತದೆ, ಆದ್ದರಿಂದ ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ಡೇ ಬೇಕು.

ಉಣಕಲ್ ದಂಡೆ:

ಎಲ್ಲರಿಗೂ ಧನ್ಯವಾದ. 38 ಯೂನಿಟ್‌ನದನ್ನೇ ಬ್ಯಾಟರಿ ಸಮೇತ ತೆಗೆದುಕೊಳ್ಳುತ್ತೇನೆ, 6 ಚದರ ಎಂ.ಎಂ. ಎಳೆಸಿ ಸದ್ಯಕ್ಕೆ 15 ಆಂಪ್. ಕೊನೆಯದೊಂದು: ಮಳೆಗಾಲದಲ್ಲಿ ರಾತ್ರಿಯೆಲ್ಲ ಕರೆಂಟ್ ಹೋದರೆ ಇನ್ವರ್ಟರ್ ಅಥವಾ ಸಣ್ಣ ಪೆಟ್ರೋಲ್ ಜನರೇಟರಿನಿಂದ ಸ್ವಲ್ಪ ಏರಿಸಬಹುದೇ?

ತಂತಿ ಪೆಟ್ಟಿಗಿ:

ಇನ್ವರ್ಟರ್ ಬ್ಯಾಡ. 12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರ್‍ಯಾಗ ಇರೋದ 1.8 ಯೂನಿಟ್. ಪೂರ್ತಿ ಹಿಂಡಿದ್ರೂ ಗಾಡಿ 10 ಕಿ.ಮೀ. ಹೋಗತೈತಿ, ಮನಿ ಮಾತ್ರ ಕತ್ತಲಿ. ಜನರೇಟರ್ 3 ಕೆ.ವಿ.ಎ. ಮ್ಯಾಲಿನ ಇನ್ವರ್ಟರ್ ಟೈಪಿಂದಿದ್ರ 10 ಆಂಪ್‌ನ್ಯಾಗ ನಡೀತೈತಿ, ಆದ್ರ ಮೊದಲ ಸಲ ಅರ್ಥ್ ಫಾಲ್ಟ್ ತೋರಸತೈತಿ. ಸಣ್ಣ ಜನರೇಟರಿನ ನ್ಯೂಟ್ರಲ್ ಎಲ್ಲೂ ನೆಲಕ್ಕ ಕಟ್ಟಿರಂಗಿಲ್ಲ, ತೇಲತಿರತೈತಿ. ಅಲ್ಲಿ ಮಾತ್ರ ನ್ಯೂಟ್ರಲ್‌ನ ಜನರೇಟರಿನ ಅರ್ಥ್ ಬೋಲ್ಟಿಗೂ, ಅಲ್ಲಿಂದ ನಿಮ್ಮ ಪಿಟ್‌ಗೂ ಕಟ್ಟಬೇಕು, ಯಾಕಂದ್ರ ಅಲ್ಲಿ ಕರೆಂಟಿನ ಮೂಲನ ಜನರೇಟರ್. ಹೆಸ್ಕಾಂ ಲೈನಿನ್ಯಾಗ ಆ ಕೊಂಡಿ ಟ್ರಾನ್ಸ್‌ಫಾರ್ಮರ್ ಹತ್ರ ಇರ್ತೈತಿ, ಸಾಕೆಟ್ಟಿನ್ಯಾಗ ಅಲ್ಲ. ಮನಿ ಲೈನಿಗೂ ಜನರೇಟರಿಗೂ ನಡುವ ಚೇಂಜ್‌ಓವರ್ ಸ್ವಿಚ್ ಎರಡೂ ಪೋಲ್ ಕಡಿಯೋ ಅಂಥಾದ್ದ ಹಾಕಸ್ರಿ, ಇಲ್ಲಂದ್ರ ನಿಮ್ಮ ಕರೆಂಟ್ ಕಂಬಕ್ಕ ಹೋಗಿ ಮ್ಯಾಲ ಕೆಲಸ ಮಾಡೋ ಲೈನ್‌ಮನ್‌ಗೆ ಹೊಡೀತೈತಿ.